ಮಗು ಆಡಿದ ಮಾತೇ ಮೊದಲ ಪಾಠ

ಒಂದನೇ ತರಗತಿಗೆ ಬರುವ ಮಗುವಿಗೆ ಓದಲು ಬರುವುದಿಲ್ಲ, ಆದರೆ ಮಾತು ಚೆನ್ನಾಗಿಯೇ ಬರುತ್ತದೆ. ಆ ಮಾತನ್ನೇ ಹಿಡಿದು ಓದು ಕಲಿಸಬಹುದು. ಬೇಕಾದ್ದು ದೊಡ್ಡ ಹಾಳೆ, ಸ್ಕೆಚ್ ಪೆನ್, ಕತ್ತರಿ, ಸೂಜಿ, ದಾರ. ಹಳೇ ಕ್ಯಾಲೆಂಡರಿನ ಹಿಂಬದಿಯೂ ಆದೀತು. ಒಂದು ಸಲಕ್ಕೆ ಆರೆಂಟು ಮಕ್ಕಳು ಸಾಕು. ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ನಲಿ-ಕಲಿ ತರಗತಿಯಾದರೆ ಶಿಕ್ಷಕರ ಜೊತೆ ಕೂರುವ ತಟ್ಟೆಯ (ಅಲ್ಲಿ ಮಕ್ಕಳ ಗುಂಪಿಗೆ ತಟ್ಟೆ ಎನ್ನುತ್ತಾರೆ) ಮಕ್ಕಳಿಂದಲೇ ಶುರು ಮಾಡಿ.

ಮೊದಲು ಮಾತು. "ಇವತ್ತು ಮನೇಲಿ ಏನಾಯ್ತು?" ಎಂದು ಕೇಳಿ, ಆಮೇಲೆ ಸುಮ್ನೆ ಕಾಯಿರಿ. ಉತ್ತರವನ್ನು ನೀವೇ ತುಂಬಬೇಡಿ. ಒಬ್ಬಳು ಹೇಳುತ್ತಾಳೆ: "ಎಮ್ಮೆ ಕರು ಹಾಕೈತೆ." ಪಕ್ಕದವನು ಕೇಳುತ್ತಾನೆ, ಅವಳು ಮುಂದುವರಿಸುತ್ತಾಳೆ: "ಕರು ಎದ್ದು ನಿಂತೈತೆ. ಸರಸರ ಹಾಲು ಕುಡಿತೈತೆ." ಪಾಠ ಸಿಕ್ಕಿತು.

ಇದನ್ನು ಹಾಳೆಯ ಮೇಲೆ ದೊಡ್ಡದಾಗಿ, ಒಂದೊಂದು ಪದವನ್ನೂ ಬಾಯಲ್ಲಿ ಹೇಳುತ್ತಾ ಬರೆಯಿರಿ. 'ಹಾಕೈತೆ' ಎಂದರೆ 'ಹಾಕೈತೆ' ಎಂದೇ ಬರೆಯಿರಿ. ಇಲ್ಲಿ ಅನೇಕ ಶಿಕ್ಷಕರು ಹಿಂಜರಿಯುತ್ತಾರೆ, 'ಹಾಕಿದೆ' ಎಂದು ತಿದ್ದಿಬಿಡುತ್ತಾರೆ. ಬೇಡ. ತಾನು ಆಡಿದ ಮಾತೇ ಹಾಳೆಯ ಮೇಲಿದೆ ಎಂದು ಮಗುವಿಗೆ ಖಾತ್ರಿಯಾಗಬೇಕು. ಪುಸ್ತಕದ ಕನ್ನಡ ಪುಸ್ತಕದಿಂದ ಹೇಗೂ ಬರುತ್ತದೆ.

ಈಗ ಪದದ ಕೆಳಗೆ ಕಡ್ಡಿ ಇಟ್ಟು ಎಲ್ಲರೂ ಒಟ್ಟಿಗೆ ಓದಿ. ಆಮೇಲೆ ಹೇಳಿದವಳೊಬ್ಬಳೇ ಓದಲಿ. ಅವಳು ನೆನಪಿನಿಂದ ಹೇಳುತ್ತಿದ್ದಾಳೆ, ನಿಜ. ಆದರೆ ಬಾಯಿಯ ಪದಕ್ಕೂ ಕಡ್ಡಿ ತೋರಿಸುವ ಪದಕ್ಕೂ ನಂಟು ಬೆಳೆಯುವುದು ಹೀಗೆಯೇ.

ಸಾಲುಗಳ ಇನ್ನೊಂದು ಪ್ರತಿ ಬರೆದು ಪದಪದವಾಗಿ ಕತ್ತರಿಸಿ, ಕಲಸಿ, ಜೋಡಿಸಲು ಮಕ್ಕಳಿಗೆ ಕೊಡಿ. ಯಾರಾದರೂ 'ಕರು ಎಮ್ಮೆ ಹಾಕೈತೆ' ಎಂದು ಜೋಡಿಸುತ್ತಾರೆ. ಓದಿದ ಕೂಡಲೇ ಗುಂಪೆಲ್ಲ ನಗುತ್ತದೆ. ಅರ್ಥವಾಗಿದ್ದಕ್ಕೇ ಅಲ್ವಾ ನಗು ಬಂದದ್ದು? 2021ರಲ್ಲಿ ಶುರುವಾದ, ಓದು-ಲೆಕ್ಕದ ಬುನಾದಿ ಗಟ್ಟಿ ಮಾಡುವ ಕೇಂದ್ರ ಸರ್ಕಾರದ ಕಾರ್ಯಕ್ರಮ ನಿಪುಣ್ ಭಾರತ್ ಕೇಳುವುದೂ ಇದನ್ನೇ: ಮೂರನೇ ತರಗತಿ ಮುಗಿಯುವಷ್ಟರಲ್ಲಿ ಮಗು ಅರ್ಥ ಮಾಡಿಕೊಂಡು ಓದಬೇಕು.

ಅಕ್ಷರದ ಸರದಿ ಈಗ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿಯಲ್ಲಿ ಮೊದಲು ಕಲಿಸುವುದು ಅ ಆ ಇ ಈ ಅಲ್ಲ, ರ ಗ ಸ ದ ಅ. ಈ ಐದೇ ಅಕ್ಷರದಲ್ಲಿ ಸರ, ದರ, ಅರಸ, ಅಗಸ, ಗರಗಸ ಎಲ್ಲ ಹುಟ್ಟುತ್ತವೆ. ಕಲಿತ ಮರುದಿನವೇ ಮಗು ಪದ ಓದಬಹುದು. ನಮ್ಮ ಹಾಳೆಯಲ್ಲಿ 'ಸರಸರ' ಇದೆ. ಸ, ರ ಎಲ್ಲೆಲ್ಲಿವೆ ಎಂದು ಮಕ್ಕಳೇ ಹುಡುಕಿ ಸುತ್ತು ಹಾಕಲಿ. ಒಬ್ಬ 'ಕರು' ಪದದ ಮೇಲೆ ಬೆರಳಿಟ್ಟು, "ಇದೂ ರ, ಆದ್ರೆ ಬಾಲ ಬಂದೈತೆ" ಎನ್ನುತ್ತಾನೆ. ಬಿಡಬೇಡಿ. ರ, ರು ಎರಡನ್ನೂ ಬೋರ್ಡಿನ ಮೇಲೆ ಪಕ್ಕಪಕ್ಕ ಬರೆದು ಜೋರಾಗಿ ಹೇಳಿಸಿ. ಕಾಗುಣಿತಕ್ಕೆ ಇದಕ್ಕಿಂತ ಒಳ್ಳೆಯ ಬಾಗಿಲು ಸಿಗದು. 'ಎಮ್ಮೆ'ಯ ಒತ್ತಕ್ಷರವನ್ನು ಮಾತ್ರ ಅವತ್ತೇ ಬಿಡಿಸಲು ಹೋಗಬೇಡಿ. ಸದ್ಯಕ್ಕೆ ಅದು ಇಡೀ ಪದವಾಗಿಯೇ ಇರಲಿ.

ಬರವಣಿಗೆ ಸ್ಲೇಟಿನಲ್ಲೋ ಗೋಡೆಯ ಕೆಳಗಿನ ಕರಿಹಲಗೆಯಲ್ಲೋ ಆಗಲಿ. ಮಗು 'ಎಮೆ' ಎಂದು ಬರೆದರೆ ಕೆಂಪು ಗೆರೆ ಎಳೆಯಬೇಡಿ. ಜೊತೆಯಲ್ಲಿ ನಿಧಾನವಾಗಿ "ಎಮ್-ಮೆ" ಎನ್ನಿ. ಎರಡು ಸಲ ತುಟಿ ಒತ್ತಿದ್ದು ಮಗುವಿಗೇ ಗೊತ್ತಾಗುತ್ತದೆ, ಏನೋ ಬಿಟ್ಟಿದ್ದೇನೆ ಎಂದು ತಾನೇ ಹುಡುಕುತ್ತದೆ.

ಮನೆಮಾತು ಲಂಬಾಣಿ, ಉರ್ದು, ತೆಲುಗು ಆಗಿರುವ ಮಕ್ಕಳು ತಮ್ಮ ಮಾತಿನಲ್ಲೇ ಹೇಳಲಿ. ಎರಡೂ ಬಲ್ಲ ಗೆಳತಿ ಕನ್ನಡಕ್ಕೆ ತರಲಿ, ಅದನ್ನು ಬರೆಯಿರಿ. ಇಲ್ಲದಿದ್ದರೆ ಅಂಥ ಮಗು ವರ್ಷವಿಡೀ ಬಾಯಿ ಬಿಡದೆ ಕೂರುವುದುಂಟು.

ಕೊನೆಗೆ ಪುಸ್ತಕ. ಹಾಳೆಗಳನ್ನು ಮಡಚಿ ನಡುವೆ ದಾರ ಹೊಲಿಯಿರಿ. ಪುಟಕ್ಕೊಂದು ಸಾಲು, ಕೆಳಗೆ ಮಕ್ಕಳದೇ ಚಿತ್ರ, ರಟ್ಟಿನ ಮೇಲೆ ಹೇಳಿದವರ, ಬರೆದವರ ಹೆಸರು. ಹಗಲು ಅದು ತರಗತಿಯ ಚಪ್ಪರದಲ್ಲಿ (ಮಕ್ಕಳ ಕೆಲಸ ನೇತುಹಾಕಲು ಮೇಲೆ ಕಟ್ಟಿದ ದಾರಗಳಲ್ಲಿ) ತೂಗಲಿ, ಸಂಜೆ ಸರದಿ ಪ್ರಕಾರ ಒಬ್ಬೊಬ್ಬರ ಮನೆಗೆ ಹೋಗಲಿ. ಓದಲು ಬಾರದ ಅಜ್ಜಿಯೂ ಕೂತು ಕೇಳಬಹುದು. ಮರುದಿನ ಪುಸ್ತಕ ವಾಪಸ್ ಬಂದಾಗ ಮೊದಲಿನಿಂದ ಓದಿಸಬೇಡಿ. ನಡುವಿನ ಯಾವುದೋ ಪುಟ ತೆರೆದು ಒಂದು ಪದ ತೋರಿಸಿ. ನೆನಪಿನಿಂದ ಹೇಳುವ ಮಗು ಮೊದಲ ಸಾಲಿಗೆ ಓಡುತ್ತದೆ, ಓದುವ ಮಗು ಅಲ್ಲೇ ನಿಂತು ಅಕ್ಷರ ನೋಡುತ್ತದೆ. ಓಡಿದವರನ್ನು ಮತ್ತೆ ಕತ್ತರಿಸಿದ ಪದಗಳ ಗುಂಪಿಗೆ ಸೇರಿಸಿಕೊಳ್ಳಿ.