ಕೇಪಳದ ಹಳದಿ ಎಲೆ ಸರಿಯಾಯಿತು

ಬೆಂಗಳೂರಲ್ಲಿ ಕೇಪಳ (ಇಕ್ಸೋರಾ ಹೂಗಿಡ) ಬೆಳೆಸುತ್ತಿರುವವರಿಗೆ ಇದು ಉಪಯೋಗಕ್ಕೆ ಬರಬಹುದು. ನಮ್ಮ ಗಿಡದ ಹೊಸ ಎಲೆಗಳೆಲ್ಲ ಹಳದಿ, ನರಗಳು ಮಾತ್ರ ಹಸಿರು. ಹೂವಿನ ಗೊಂಚಲೂ ಸಣ್ಣದು. ಗೊಬ್ಬರ ಸಾಲದು ಅಂತ ಎಲ್ಲರೂ ಹೇಳಿದರು, ಆದರೆ ಹಳೇ ಎಲೆ ಹಸಿರಾಗಿದ್ದು ಚಿಗುರು ಮಾತ್ರ ಹೀಗೆ ಹಳದಿಯಾದರೆ ಅದು ಸಾಮಾನ್ಯವಾಗಿ ಕಬ್ಬಿಣದ ಕೊರತೆ. ಮಣ್ಣಲ್ಲಿ ಕಬ್ಬಿಣ ಇದ್ದರೂ ಸುಣ್ಣದ ಅಂಶ ಜಾಸ್ತಿಯಾದಾಗ ಬೇರಿಗೆ ಸಿಗುವುದಿಲ್ಲ. ಕೇಪಳ ನಮ್ಮ ಕರಾವಳಿಯ ಗುಡ್ಡಗಳಲ್ಲಿ, ಕೆಂಪು ಮುರಕಲ್ಲಿನ ಮಣ್ಣಲ್ಲಿ ತಾನಾಗಿಯೇ ಬೆಳೆಯುವ ಗಿಡ. ಅದಕ್ಕೆ ಹುಳಿ ಮಣ್ಣು, ಅಂದರೆ ಆಮ್ಲೀಯ ಮಣ್ಣು ಬೇಕು. ಇಲ್ಲಿ ಬೋರ್‌ವೆಲ್‌ನ ಗಡಸು ನೀರು, ಪಕ್ಕದಲ್ಲೇ ಸಿಮೆಂಟಿನ ಕಾಂಪೌಂಡು, ಎರಡರಿಂದಲೂ ಮಣ್ಣಿಗೆ ಸುಣ್ಣವೇ!

ಬುಡದ ಸುತ್ತ ಮೆಲ್ಲಗೆ ಕೆದಕಿ, ಮನೆ ಕಟ್ಟಿದಾಗ ಉಳಿದಿದ್ದ ಗಾರೆ ಚೂರುಗಳನ್ನು ತೆಗೆದು, ಎಲೆಗೊಬ್ಬರ ತುಂಬಿ, ಮೇಲೆ ಒಣಗಿದ ಎಲೆ ದಪ್ಪಗೆ ಹಾಸಿದೆ. ತಾರಸಿಯ ಮಳೆನೀರನ್ನು ಡ್ರಮ್ಮಿನಲ್ಲಿ ಹಿಡಿದು ಅದನ್ನೇ ಹಾಕಿದೆ. ಜೊತೆಗೆ ಚಿಲೇಟೆಡ್ ಕಬ್ಬಿಣವನ್ನು (ಗಿಡ ಸುಲಭವಾಗಿ ಹೀರಿಕೊಳ್ಳುವ ರೂಪದ ಕಬ್ಬಿಣ) ಪೊಟ್ಟಣದ ಮೇಲಿದ್ದ ಅಳತೆಯಲ್ಲೇ ನೀರಿಗೆ ಕಲಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿದೆ. ಒಲೆ ಬೂದಿ ಮಾತ್ರ ಹಾಕಬೇಡಿ, ಅದರಿಂದ ಸುಣ್ಣದ ಅಂಶ ಇನ್ನೂ ಹೆಚ್ಚುತ್ತದೆ.

ಹಳೇ ಹಳದಿ ಎಲೆ ಪೂರ್ತಿ ಹಸಿರಾಗಲಿಲ್ಲ. ಆಮೇಲೆ ಬಂದ ಚಿಗುರು ಚೆನ್ನಾಗಿದೆ, ಗೊಂಚಲುಗಳು ಅಂಗೈ ತುಂಬುವಷ್ಟು ದೊಡ್ಡವು. ಎಷ್ಟು ಚಂದದ ಕೆಂಪು ಅಂತೀರಿ! ಉದ್ದ ಕೊಳವೆಯಂಥ ಆ ಹೂವಿನ ತಳದಲ್ಲಿ ಸಿಹಿ ಇರುತ್ತದೆ, ಚಿಟ್ಟೆಗಳು, ಸೂರಕ್ಕಿಗಳು ಅದಕ್ಕೇ ಬರುತ್ತವೆ, ನಾವೂ ಚಿಕ್ಕಂದಿನಲ್ಲಿ ಹೀರುತ್ತಿದ್ದೆವು ಅಲ್ವಾ? ಹೂ ಬಿಡುವುದು ರೆಂಬೆಯ ತುದಿಯಲ್ಲಿ, ಹಾಗಾಗಿ ಬೇಲಿಯಂತೆ ಸುಮ್ನೆ ಪದೇಪದೇ ಕತ್ತರಿಸಬೇಡಿ. ಒಂದು ಸುತ್ತು ಹೂ ಮುಗಿದ ಮೇಲೆ ಹಗುರವಾಗಿ ಸವರಿದರೆ ಸಾಕು.