ಧಾರವಾಡದ ಮನೆಯಲ್ಲಿ ಸಬ್‌ವೂಫರಿನ ಕ್ರಾಸ್‌ಓವರ್ ಹೊಂದಿಸಿದ ಬಗೆ

ನಮ್ಮ ಮನೆಯಲ್ಲಿ ಕೇಳುವುದು ಹೆಚ್ಚಾಗಿ ಹಿಂದುಸ್ತಾನಿ ಗಾಯನ. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು ಇಂಥವರ ಧ್ವನಿಮುದ್ರಿಕೆಗಳಿಗೆ ಸಬ್‌ವೂಫರ್, ಅಂದರೆ ಮಂದ್ರ ಧ್ವನಿಗೆಂದೇ ಇರುವ ಸ್ಪೀಕರು, ಏಕೆ ಬೇಕು ಎಂದು ಕೇಳುವವರಿಗೆ ನಾನು ಲೆಕ್ಕವನ್ನೇ ಹೇಳುತ್ತೇನೆ. ಗಾಯಕರ ಷಡ್ಜ ಕಾಳಿ ಒಂದರಲ್ಲಿದ್ದರೆ (ಹಾರ್ಮೋನಿಯಮ್ಮಿನ ಮೊದಲ ಕಪ್ಪು ಮನೆ) ಅದು ಸುಮಾರು 139 ಹರ್ಟ್ಜ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನ. ಮಂದ್ರ ಪಂಚಮ 104. ತಂಬೂರಿಯ ಖರ್ಜದ, ಅಂದರೆ ಮಂದ್ರ ಷಡ್ಜದ, ತಂತಿ 69. ಐದು ಇಂಚಿನ ವೂಫರ್ ಇರುವ ಸಣ್ಣ ಸ್ಪೀಕರುಗಳು 60ರ ಹತ್ತಿರ ಬಂದಾಗಲೇ ಸೋಲತೊಡಗುತ್ತವೆ. ಆದ್ದರಿಂದ ಸ್ಪೀಕರು ತನ್ನ ಕೆಲಸವನ್ನು ಸಬ್‌ವೂಫರಿಗೆ ಒಪ್ಪಿಸುವ ಗಡಿ, ಎಂದರೆ ಕ್ರಾಸ್‌ಓವರ್, ಸಂಗೀತದ ನಟ್ಟನಡುವೆಯೇ ಬೀಳುತ್ತದೆ. ಸಿನಿಮಾದ ಸ್ಫೋಟದ ಸದ್ದಿನಲ್ಲಿ ಮುಚ್ಚಿಹೋಗುವ ಹೊಂದಾಣಿಕೆಯ ಕೊರತೆ ತಂಬೂರಿಯ ಸ್ಥಿರವಾದ ನಾದದಲ್ಲಿ ಅಡಗುವುದಿಲ್ಲ.

ನನ್ನಲ್ಲಿರುವುದು ಎರಡು ಬುಕ್‌ಶೆಲ್ಫ್ ಸ್ಪೀಕರು, ತನ್ನದೇ ಆಂಪ್ಲಿಫೈಯರ್ ಇರುವ ಹತ್ತು ಇಂಚಿನ ಒಂದು ಪವರ್ಡ್ ಸಬ್‌ವೂಫರ್ ಮತ್ತು ಇವೆಲ್ಲಕ್ಕೂ ಧ್ವನಿಯನ್ನು ಹಂಚಿಕೊಡುವ, ಸಾಧಾರಣ ದರ್ಜೆಯ ಎ.ವಿ. ರಿಸೀವರ್. ಕೋಣೆ ಮಾಳಮಡ್ಡಿಯ ಮನೆಯದು. 14 ಅಡಿ ಉದ್ದ, 11 ಅಡಿ ಅಗಲ, ಇಟ್ಟಿಗೆಯ ದಪ್ಪ ಗೋಡೆ, ಮೇಲೆ ಕಾಂಕ್ರೀಟ್ ಸ್ಲ್ಯಾಬ್, ಕೆಳಗೆ ಶಹಾಬಾದಿ ಫರ್ಸಿ. ಈ ವಿವರವನ್ನು ಮೊದಲೇ ಹೇಳಲು ಕಾರಣವಿದೆ. ಹೊರದೇಶದ ಮಾರ್ಗದರ್ಶಿಗಳು ಬಹುಮಟ್ಟಿಗೆ ಮರದ ಚೌಕಟ್ಟಿನ ತೆಳುಗೋಡೆಯ ಮನೆಗಳನ್ನು ಕಣ್ಣ ಮುಂದಿಟ್ಟುಕೊಂಡು ಬರೆದಂಥವು. ಅಂಥ ಗೋಡೆ ಮಂದ್ರದ ಸ್ವಲ್ಪ ಭಾಗವನ್ನು ಹೀರಿ, ಸ್ವಲ್ಪವನ್ನು ಹೊರಗೆ ಬಿಟ್ಟುಬಿಡುತ್ತದೆ. ನಮ್ಮ ಗೋಡೆಗಳು ಅದನ್ನು ಬಹುಪಾಲು ಕೋಣೆಗೇ ಮರಳಿಸುತ್ತವೆ. ನೆಲಕ್ಕೆ ಹಾಸಿದ ನವಲಗುಂದದ ಜಮಖಾನ ಮೇಲಿನ ಸ್ವರಗಳ ಚುರುಕನ್ನು ತಗ್ಗಿಸುತ್ತದೆ, ಆದರೆ ನಾಲ್ಕು ಮೀಟರಿಗೂ ಮಿಕ್ಕಿದ ಅಲೆಯುದ್ದದ ಧ್ವನಿಗೆ ಅದು ಇದ್ದೂ ಇಲ್ಲದಂತೆ.

ಮೊದಲು ಮಾಡಿದ್ದು ಸಬ್‌ವೂಫರಿನ ಹಿಂಬದಿಯ ಕ್ರಾಸ್‌ಓವರ್ ಗುಂಡಿಯನ್ನು ಅತಿ ಹೆಚ್ಚಿನ ಅಂಕಿಯವರೆಗೂ ತಿರುಗಿಸಿ ಬಿಟ್ಟಿದ್ದು. ರಿಸೀವರ್ ಸ್ವತಃ ಸೋಸುವಾಗ ಸಬ್‌ವೂಫರ್ ಮತ್ತೊಮ್ಮೆ ಸೋಸಿದರೆ ಇಳಿಜಾರು (ಗಡಿಯಾಚೆ ಧ್ವನಿ ತಗ್ಗುವ ಪ್ರಮಾಣ) ಎರಡಾಗುತ್ತದೆ, ಫೇಸ್ (ಎರಡರ ಅಲೆಗಳೂ ಒಟ್ಟಿಗೆ ಏರಿಳಿಯುವ ಹೊಂದಿಕೆ) ಕೂಡ ತಿರುವುಮುರುವಾಗುತ್ತದೆ. ಬಳಿಕ ಮಂದ್ರ ಸಬ್‌ವೂಫರಿಗೆ ಹೋಗುವಂತೆ ರಿಸೀವರಿನಲ್ಲಿ ಸ್ಪೀಕರುಗಳನ್ನು ‘ಸ್ಮಾಲ್’ ಎಂದು ಗುರುತಿಸಿ, ಗಡಿಯಾಗಿ 80 ಹರ್ಟ್ಜ್ ಆರಿಸಿದೆ. ಸಿನಿಮಾ ಧ್ವನಿಯ ಟಿ.ಎಚ್.ಎಕ್ಸ್. ಮಾನದಂಡವೂ 80 ಅನ್ನೇ ಸೂಚಿಸುತ್ತದೆ. ಅದಕ್ಕಿಂತ ಕೆಳಗಿನ ಧ್ವನಿ ಯಾವ ದಿಕ್ಕಿನಿಂದ ಬಂತೆಂದು ಕಿವಿ ಸುಲಭವಾಗಿ ಗುರುತಿಸಲಾರದು. ಆದರೂ 120ರಲ್ಲಿ ಏನಾಗುತ್ತದೆ ಎಂದು ಕೇಳಿ ನೋಡುವ ಕುತೂಹಲವಿತ್ತು. ನೆರೆಮನೆಯ ತಬಲಾ ಮಾಸ್ತರರು ಒಂದು ವಿಲಂಬಿತ ಖಯಾಲನ್ನು ಸ್ವಲ್ಪ ಹೊತ್ತು ಕೇಳಿ, “ತಮ್ಮಾ, ತಬಲಾ ನಮ್ಮ ಮುಂದ ಅದ, ಡಗ್ಗಾ ಮಾತ್ರ ಮೂಲ್ಯಾಗ ಹೋಗಿ ಕುಂತದ” ಎಂದರು. ಅವರಿಗೆ ಸಬ್‌ವೂಫರ್ ಎಲ್ಲಿದೆ ಎಂಬುದನ್ನು ನಾನು ತಿಳಿಸಿರಲಿಲ್ಲ. ಮಂದ್ರ ಪಂಚಮವೂ ಹಾಗೆಯೇ ಮೂಲೆಗೆ ಸರಿದಿತ್ತು.

ಇನ್ನು ಇಳಿಜಾರಿನ ವಿಷಯ. ಹೆಚ್ಚಿನ ರಿಸೀವರುಗಳು ಸಬ್‌ವೂಫರನ್ನು ಸಪ್ತಕಕ್ಕೆ 24 ಡೆಸಿಬೆಲ್‌ನಂತೆ, ಸ್ಪೀಕರನ್ನು 12 ಡೆಸಿಬೆಲ್‌ನಂತೆ ತಗ್ಗಿಸುತ್ತವೆ. ಈ ಅಸಮತೆ ಬೇಕೆಂದೇ ಇಟ್ಟದ್ದು. ಮುಚ್ಚಿದ ಪೆಟ್ಟಿಗೆಯ ಸ್ಪೀಕರು ತಾನಾಗಿಯೇ 12 ಡೆಸಿಬೆಲ್‌ನಂತೆ ಇಳಿಯುವುದರಿಂದ, ಆ ಇಳಿತ 80ರ ಸುತ್ತ ಆರಂಭವಾಗುವುದಾದರೆ, ಎರಡೂ ಕೂಡಿ 24 ಆಗಿ, 1976ರಲ್ಲಿ ಎಂಜಿನಿಯರ್ ಲಿಂಕ್‌ವಿಟ್ಜ್ ವಿವರಿಸಿದ, ಇಂದು ಲಿಂಕ್‌ವಿಟ್ಜ್-ರೈಲಿ ಎನ್ನುವ ಜೋಡಣೆಗೆ ಸಮೀಪ ಬರುತ್ತದೆ. ನನ್ನ ಸ್ಪೀಕರುಗಳ ಬೆನ್ನಿಗೆ ಗಾಳಿಯ ತೂತು ಇದೆ. ಅವು ಒಂದಿಷ್ಟು ಕೆಳಗಿನವರೆಗೆ ಗಟ್ಟಿಯಾಗಿ ನಿಂತು, ಆಮೇಲೆ ಕಡಿದಾಗಿ ಬೀಳುತ್ತವೆ. ಆ ತೂತುಗಳಿಗೆ ಹತ್ತಿಯ ಕಾಲುಚೀಲ ಸುತ್ತಿ ಬಿಗಿಯಾಗಿ ತುರುಕಿದೆ. ಅಳೆದು ನೋಡಿದಾಗ ಸ್ಪೀಕರಿನ ಇಳಿತ ಮೇಲಿನಿಂದಲೇ ಆರಂಭವಾಗಿ ಮೃದುವಾಗಿತ್ತು. ಇಡೀ ಕೆಲಸದಲ್ಲಿ ಒಂದು ರೂಪಾಯಿಯೂ ಬೇಡದ, ಅತಿ ಹೆಚ್ಚು ಫಲ ಕೊಟ್ಟ ಹೆಜ್ಜೆ ಇದೇ ಎಂದು ನನ್ನ ಅಭಿಪ್ರಾಯ.

ಅಳತೆಗೆ ಯು.ಎಸ್.ಬಿ. ಮೈಕ್ ಮತ್ತು ರೂಮ್ ಇಕ್ಯೂ ವಿಝಾರ್ಡ್ ಎಂಬ ಉಚಿತ ತಂತ್ರಾಂಶವನ್ನು ಬಳಸಿದೆ. ಮೊಬೈಲಿನ ಡೆಸಿಬೆಲ್ ಆ್ಯಪ್‌ಗಳನ್ನು ಮಂದ್ರಕ್ಕೆ ನಾನು ನಂಬುವುದಿಲ್ಲ. ಮಾತಿಗಾಗಿ ಮಾಡಿದ ಆ ಮೈಕುಗಳಲ್ಲಿ ಎಷ್ಟೋ ಸಲ ಕೆಳಗಿನ ಸ್ವರಗಳನ್ನು ಮೊದಲೇ ಕತ್ತರಿಸಿರುತ್ತಾರೆ. ಮೊದಲ ರೇಖೆ ಬಂದಾಗ ಸರಿಯಾಗಿ 80ರಲ್ಲೇ ಆಳವಾದ ತಗ್ಗು ಕಂಡಿತು. ಇಂಥ ತಗ್ಗನ್ನು ಕಂಡೊಡನೆ ಫೇಸ್ ಗುಂಡಿಗೆ ಕೈ ಹಾಕುವುದು ಸಹಜ. ಆದರೆ ಸ್ಪೀಕರುಗಳನ್ನಷ್ಟೇ, ಆಮೇಲೆ ಸಬ್‌ವೂಫರನ್ನಷ್ಟೇ ನುಡಿಸಿ ಅಳೆದಾಗ, ಎರಡರಲ್ಲೂ ಅದೇ ಜಾಗದಲ್ಲಿ ತಗ್ಗು ಇತ್ತು. ಎಂದರೆ ಅದು ಕೋಣೆಯದು. 14 ಅಡಿ ಎಂದರೆ 4.27 ಮೀಟರು, ಧ್ವನಿಯ ವೇಗ ಸೆಕೆಂಡಿಗೆ 343 ಮೀಟರ್ ಎಂದು ಹಿಡಿದರೆ ಉದ್ದದ ಮೊದಲ ಅನುರಣನ (ಎದುರುಬದುರು ಗೋಡೆಗಳ ನಡುವೆ ಅಲೆ ನೆಲೆನಿಲ್ಲುವ ಸ್ವರ) 40 ಹರ್ಟ್ಜ್, ಎರಡನೆಯದು 80. ಎರಡನೆಯದರ ಮೌನಬಿಂದು ಗೋಡೆಯಿಂದ ಕೋಣೆಯ ಕಾಲುಭಾಗದ ದೂರದಲ್ಲಿ, ಅಂದರೆ ಮೂರೂವರೆ ಅಡಿಗೆ ಬೀಳುತ್ತದೆ. ನನ್ನ ಕುರ್ಚಿ ಹಿಂದಿನ ಗೋಡೆಯಿಂದ ಅಷ್ಟೇ ದೂರದಲ್ಲಿತ್ತು. ಕುರ್ಚಿಯನ್ನು ಒಂದಡಿಗಿಂತ ತುಸು ಹೆಚ್ಚು ಮುಂದಕ್ಕೆ ಎಳೆದದ್ದೇ ತಗ್ಗು ಬಹುತೇಕ ತುಂಬಿತು. ಕೋಣೆಯ ನಡುವಿನವರೆಗೆ ಎಳೆದಿದ್ದರೆ 40 ಹರ್ಟ್ಜ್ ಮಾಯವಾಗುತ್ತಿತ್ತು, ಆದ್ದರಿಂದ ಅಲ್ಲಿಗೇ ನಿಲ್ಲಿಸಿದೆ.

ಸಬ್‌ವೂಫರಿನ ಜಾಗ ಹುಡುಕಲು ಎಲ್ಲರೂ ಹೇಳುವ ವಿಧಾನವನ್ನೇ ಅನುಸರಿಸಿದೆ: ಅದನ್ನು ಕೂರುವ ಕುರ್ಚಿಯ ಮೇಲಿಟ್ಟು, ಗೋಡೆಯಂಚಿನಲ್ಲಿ ಅಂಬೆಗಾಲಿಟ್ಟು ಹೋಗುತ್ತ, ಮಂದ್ರ ಸಮನಾಗಿ ಕೇಳಿಸಿದ ಕಡೆ ಗುರುತು ಮಾಡಿದೆ. ನಮ್ಮ ಅವ್ವ ಇದನ್ನು ನೋಡಿ ನಕ್ಕರು. ಮೂಲೆಗಿಂತ ಮುಂಗೋಡೆಯ ಮೂರನೆಯ ಒಂದು ಭಾಗದ ಹತ್ತಿರ ನಾದ ತಿಳಿಯಾಗಿತ್ತು.

ಫೇಸ್ ಹೊಂದಿಸುವಾಗ ಒಳ್ಳೆಯದನ್ನು ಹುಡುಕುವುದಕ್ಕಿಂತ ಕೆಟ್ಟದ್ದನ್ನು ಹುಡುಕುವುದು ಸುಲಭ. ಸಬ್‌ವೂಫರ್ ಮತ್ತು ಸ್ಪೀಕರು 80ರಲ್ಲಿ ಒಂದೇ ಮಟ್ಟದಲ್ಲಿ ನುಡಿಯುವಂತೆ ಮಾಡಿ, ಸಬ್‌ವೂಫರಿನ ಫೇಸನ್ನು 180ಕ್ಕೆ ಇಟ್ಟು, ರಿಸೀವರಿನಲ್ಲಿ ಅದರ ದೂರದ ಅಂಕಿಯನ್ನು (ಧ್ವನಿಗಳ ಸಮಯ ಹೊಂದಿಸಲು ರಿಸೀವರ್ ಬಳಸುವಂಥದ್ದು) ಸ್ವಲ್ಪಸ್ವಲ್ಪವೇ ಬದಲಿಸುತ್ತ, ಯಾವ ಅಂಕಿಗೆ 80ರ ಸದ್ದು ಅತಿ ಹೆಚ್ಚು ಕುಸಿಯುತ್ತದೆ ಎಂದು ನೋಡಿದೆ. ಆ ಅಂಕಿಯನ್ನು ಹಾಗೇ ಬಿಟ್ಟು ಫೇಸನ್ನು ಸೊನ್ನೆಗೆ ತಂದರೆ ಎರಡೂ ಕೂಡಿ ನುಡಿಯುತ್ತವೆ. ಹೀಗೆ ಸಿಕ್ಕ ದೂರ ಟೇಪಿನಿಂದ ಅಳೆದ ದೂರಕ್ಕಿಂತ ಹೆಚ್ಚಾಗಿತ್ತು. ಸಬ್‌ವೂಫರಿನೊಳಗಿನ ಡಿಜಿಟಲ್ ಸಂಸ್ಕರಣೆ ಮತ್ತು ಸೋಸುವಿಕೆ ಧ್ವನಿಯನ್ನು ತಡವಾಗಿಸುತ್ತವೆ, ಒಂದು ಮಿಲಿಸೆಕೆಂಡಿನ ತಡ 34 ಸೆಂಟಿಮೀಟರಿನ ದೂರಕ್ಕೆ ಸಮ. ಇಲ್ಲಿ ಟೇಪಿಗಿಂತ ಮೈಕಿನ ಮಾತೇ ನಡೆಯಬೇಕು.

ಒಳ್ಳೆಯ ಜೋಡಣೆಯಾದ ಮೇಲೆ ಮನೆಯ ಸಾಮಾನುಗಳು ಮಾತಾಡತೊಡಗಿದವು. 30ರಿಂದ 100ರವರೆಗೆ ನಿಧಾನವಾಗಿ ಏರುವ ಶುದ್ಧ ಸ್ವರವನ್ನು ನುಡಿಸಿ, ಕಬ್ಬಿಣದ ಟ್ರೇಜರಿಯ ಬಾಗಿಲು ಮತ್ತು ಕಿಟಕಿಯ ಒಂದು ಗಾಜು ಯಾವ ಸ್ವರಕ್ಕೆ ನಡುಗುತ್ತವೆ ಎಂದು ಪತ್ತೆಮಾಡಿ, ರಬ್ಬರ್ ಪಟ್ಟಿ ಅಂಟಿಸಿದೆ. ಸಣ್ಣ ಗುಂಯ್ ಸದ್ದೊಂದಿತ್ತು. ರಿಸೀವರ್ ಮತ್ತು ಸಬ್‌ವೂಫರ್ ಎರಡಕ್ಕೂ ಒಂದೇ ಬೋರ್ಡಿನಿಂದ ಕರೆಂಟು ಕೊಟ್ಟಾಗ ಅದು ಹೋಯಿತು. ಕೆಲವರು ಪ್ಲಗ್ಗಿನ ಅರ್ಥಿಂಗ್ ಪಿನ್ನನ್ನೇ ತೆಗೆದುಬಿಡುತ್ತಾರೆ. ಅದು ಜೀವಕ್ಕೆ ಅಪಾಯ.

ಕ್ರಾಸ್‌ಓವರ್ ಸೌಲಭ್ಯವಿಲ್ಲದ ಸ್ಟೀರಿಯೋ ಆಂಪ್ಲಿಫೈಯರ್ ಇದ್ದವರು ಸ್ಪೀಕರುಗಳನ್ನು ಪೂರ್ಣವಾಗಿ ನುಡಿಯಲು ಬಿಟ್ಟು, ಸಬ್‌ವೂಫರಿನ ಗುಂಡಿಯನ್ನು 50–60ರಿಂದ ಆರಂಭಿಸುವುದು ಲೇಸು. ಅಂಥವರು ತೂತು ಮುಚ್ಚುವ ಅಗತ್ಯವಿಲ್ಲ. ರಿಸೀವರ್ ಇದ್ದವರು ಎಲ್.ಎಫ್.ಇ.ಯ ಮಿತಿಯನ್ನು 120ರಲ್ಲೇ ಬಿಡಬೇಕು. ಅದು ಸಿನಿಮಾಗಳ ಪ್ರತ್ಯೇಕ ಮಂದ್ರ ವಾಹಿನಿಗೆ ಸಂಬಂಧಿಸಿದ್ದು, ಸ್ಪೀಕರುಗಳ 80ರ ಗಡಿಗೂ ಅದಕ್ಕೂ ಸಂಬಂಧವಿಲ್ಲ. ಸ್ಪೀಕರು, ಸಬ್‌ವೂಫರುಗಳ ಮಟ್ಟವನ್ನು ಪಿಂಕ್ ನಾಯ್ಸ್ ಎಂಬ ಪರೀಕ್ಷೆಯ ಸದ್ದನ್ನು ನುಡಿಸಿ 75 ಡೆಸಿಬೆಲ್‌ಗೆ ಸಮಮಾಡಿದ್ದೆ. ಸಿನಿಮಾಕ್ಕೆ ಅದರ ಮೇಲೆ ಎರಡು ಡೆಸಿಬೆಲ್ ಏರಿಸುತ್ತೇನೆ, ಗಾಯನಕ್ಕೆ ಏರಿಸುವುದಿಲ್ಲ.