ಆಸ್ಪತ್ರೆಯಲ್ಲಿ ರೋಗಿಯ ಜೊತೆಗಿದ್ದೀರಾ? ಸೋಂಕು ತಗುಲದಂತೆ ಹೀಗೆ ನೋಡಿಕೊಳ್ಳಿ

ಕಾಲು ಮುರಿದು ಸೇರಿದವರಿಗೆ ವಾರದೊಳಗೆ ನ್ಯುಮೋನಿಯಾ. ಆಪರೇಷನ್ ಚೆನ್ನಾಗಿಯೇ ಆಗಿದೆ, ಆದರೆ ಹೊಲಿಗೆಯಲ್ಲಿ ಕೀವು. ಇಂಥದ್ದು ಅಪರೂಪವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ, ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಆಸ್ಪತ್ರೆ ಸೇರಿದ ಪ್ರತಿ 100 ಜನರಲ್ಲಿ 15 ಮಂದಿಗೆ ಅಲ್ಲೇ ಸೋಂಕು ತಗುಲುತ್ತದೆ. ಶ್ರೀಮಂತ ದೇಶಗಳಲ್ಲೂ 7 ಮಂದಿಗೆ. ಹೀಗೆ ಸೋಂಕು ತಗುಲಿದವರಲ್ಲಿ ಸರಾಸರಿ ಹತ್ತಕ್ಕೆ ಒಬ್ಬರು ಉಳಿಯುವುದಿಲ್ಲ. ಉಳಿದವರಿಗೂ ಹಾಸಿಗೆಯ ದಿನ ಜಾಸ್ತಿ, ಬಿಲ್ಲೂ ಜಾಸ್ತಿ.

ಸ್ವಚ್ಛತೆಯ ಮುಖ್ಯ ಹೊಣೆ ಆಸ್ಪತ್ರೆಯದೇ. ಆದರೆ ನಮ್ಮ ವಾರ್ಡ್‌ಗಳಲ್ಲಿ ಊಟ ಮಾಡಿಸುವುದು, ಮೈ ಒರೆಸುವುದು, ಪಕ್ಕಕ್ಕೆ ತಿರುಗಿಸುವುದು ಎಲ್ಲ ಮನೆಯವರೇ ಅಲ್ವಾ? ಹಾಗಾಗಿ ನೀವು ಮಾಡಬಹುದಾದದ್ದು ಬಹಳಷ್ಟಿದೆ.

1. ಮೊದಲು ಕೈ

ರೋಗಿಯನ್ನು ಮುಟ್ಟುವ ಮುಂಚೆ, ಮುಟ್ಟಿದ ಮೇಲೆ ಕೈ ತೊಳೆಯಿರಿ. ಮಂಚದ ಸರಳು, ಬೆಡ್‌ಪ್ಯಾನ್ ಮುಟ್ಟಿದ ಮೇಲೂ ಅಷ್ಟೇ. ಸೋಪಾದರೆ ಒಟ್ಟು 40ರಿಂದ 60 ಸೆಕೆಂಡ್ ಬೇಕು. ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡ್, ಕೈ ಒಣಗುವ ತನಕ ಉಜ್ಜಬೇಕು. ರೋಗಿಗೆ ಭೇದಿ ಇದ್ದರೆ ಸೋಪು, ನೀರೇ ಆಗಬೇಕು. ಭೇದಿ ತರುವ ಕೆಲವು ರೋಗಾಣು ಸ್ಯಾನಿಟೈಸರ್‌ಗೆ ಸಾಯುವುದಿಲ್ಲ.

ಕೈ ತೊಳೆದರೆ ಏನು ಮಹಾ ಎನ್ನುವವರಿಗೆ ಒಂದು ಲೆಕ್ಕ. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡೊಂದರಲ್ಲಿ ಬಾಣಂತಿಯರು ಜ್ವರದಿಂದ ಸಾಯುತ್ತಿದ್ದರು. ಏಪ್ರಿಲ್‌ನಲ್ಲಿ ಸಾವು ನೂರಕ್ಕೆ 18ರಷ್ಟಿತ್ತು. ಕ್ಲೋರಿನ್ ಬೆರೆಸಿದ ನೀರಲ್ಲಿ ಕೈ ತೊಳೆದೇ ಒಳಗೆ ಬರಬೇಕೆಂದು ಡಾ. ಸೆಮ್ಮೆಲ್ವೈಸ್ ಪಟ್ಟು ಹಿಡಿದರು. ಜೂನ್ ಹೊತ್ತಿಗೆ ಅದು 2ರ ಆಸುಪಾಸಿಗೆ ಇಳಿಯಿತು.

2. ದಿನಾ ಒಂದು ಪ್ರಶ್ನೆ ಕೇಳಿ

ಡಾಕ್ಟರ್ ರೌಂಡ್ಸ್‌ಗೆ ಬಂದಾಗ, "ಈ ಪೈಪ್ ಇನ್ನೂ ಬೇಕಾ ಡಾಕ್ಟ್ರೇ?" ಎಂದು ಕೇಳಿ. ನನ್ನ ಪ್ರಕಾರ ಈ ಇಡೀ ಲೇಖನದಲ್ಲಿ ಹೆಚ್ಚು ಕೆಲಸಕ್ಕೆ ಬರುವ ಮಾತು ಇದು. ಮೂತ್ರದ ಕ್ಯಾತಿಟರ್ ಇರಲಿ, ಗ್ಲೂಕೋಸ್ ಹಾಕುವ ಸೂಜಿ ಇರಲಿ, ಮೈಯೊಳಗೆ ಉಳಿದಷ್ಟು ದಿನವೂ ರೋಗಾಣುವಿಗೆ ದಾರಿ ತೆರೆದಿರುತ್ತದೆ. ಬೇಡವಾದ ದಿನವೇ ಅದು ಹೊರಬರಬೇಕು. ಆದರೆ ನೀವಾಗಿ ಎಳೆಯಬೇಡಿ.

ಮೂತ್ರದ ಚೀಲ ಸದಾ ಸೊಂಟಕ್ಕಿಂತ ಕೆಳಗೆ ಇರಲಿ, ನೆಲಕ್ಕೆ ತಾಗದಿರಲಿ. ರೋಗಿಯನ್ನು ಸ್ಕ್ಯಾನಿಂಗ್‌ಗೆ ಕರೆದೊಯ್ಯುವಾಗ ಚೀಲವನ್ನು ಹೊಟ್ಟೆಯ ಮೇಲೆ ಇಟ್ಟುಬಿಡುತ್ತಾರೆ. ಆಗ ಮೂತ್ರ ವಾಪಸ್ ಒಳಗೆ ಹೋಗುತ್ತದೆ. ಕಂಡರೆ ತಕ್ಷಣ ಹೇಳಿ.

ಸೂಜಿ ಚುಚ್ಚಿದ ಜಾಗ ಕೆಂಪಾದರೆ, ಊದಿದರೆ, ನೋವಾದರೆ ಬೆಳಿಗ್ಗೆ ತನಕ ಕಾಯಬೇಡಿ, ಆಗಲೇ ಸಿಸ್ಟರ್‌ಗೆ ತೋರಿಸಿ.

3. ಆಪರೇಷನ್‌ಗೆ ಮುಂಚೆ

ಮನೆಯಲ್ಲೇ ಬ್ಲೇಡಿನಿಂದ ಕೂದಲು ಬೋಳಿಸಿಕೊಂಡು ಬರಬೇಡಿ. ಕಣ್ಣಿಗೆ ಕಾಣದ ಗಾಯಗಳಲ್ಲಿ ರೋಗಾಣು ಕೂರುತ್ತವೆ. ತೆಗೆಯಲೇಬೇಕಿದ್ದರೆ ಆಸ್ಪತ್ರೆಯವರು ಟ್ರಿಮ್ಮರ್ ಬಳಸಲಿ. ಸಕ್ಕರೆ ಕಾಯಿಲೆ ಇದ್ದರೆ ಮುಚ್ಚಿಡದೆ ಹೇಳಿ.

4. ನೋಡಲು ಬರುವವರು

ನೆಗಡಿ, ಜ್ವರ ಇರುವವರು ಫೋನಿನಲ್ಲೇ ಮಾತಾಡಲಿ. ಬಂದವರು ಮಂಚದ ಮೇಲೆ ಕೂರುವುದು ಬೇಡ. ಬೇಜಾರಾದರೂ ಪರವಾಗಿಲ್ಲ, ಹೇಳಿಬಿಡಿ.

5. ಮನೆಗೆ ಬಂದ ಮೇಲೆ

ಆಪರೇಷನ್ ಗಾಯದ ಸೋಂಕು 30 ದಿನದೊಳಗೆ ಯಾವಾಗ ಬೇಕಾದರೂ ಕಾಣಿಸಿಕೊಳ್ಳಬಹುದು. ಜ್ವರ, ಕೀವು, ಹೆಚ್ಚುತ್ತಿರುವ ನೋವು ಕಂಡರೆ ಡಿಸ್ಚಾರ್ಜ್ ಚೀಟಿ ಹಿಡಿದು ಆಪರೇಷನ್ ಮಾಡಿದವರ ಬಳಿಗೇ ಹೋಗಿ. ಮೆಡಿಕಲ್ ಶಾಪ್‌ನಲ್ಲಿ ಸುಮ್ನೆ ಆಂಟಿಬಯೋಟಿಕ್ ಕೇಳಿ ನುಂಗಬೇಡಿ. ಆಸ್ಪತ್ರೆಯ ರೋಗಾಣುಗಳಲ್ಲಿ ಹಲವು ಮಾಮೂಲಿ ಮಾತ್ರೆಗೆ ಬಗ್ಗುವುದಿಲ್ಲ. ಕೀವನ್ನು ಲ್ಯಾಬ್‌ಗೆ ಕಳಿಸಿ ಕಲ್ಚರ್ ಮಾಡಿಸಿದರೆ ಯಾವ ಔಷಧ ನಾಟುತ್ತದೆ ಎಂದು ಎರಡು ಮೂರು ದಿನದಲ್ಲಿ ಗೊತ್ತಾಗುತ್ತದೆ.